ಮಕ್ಕಳಿಗಾಗಿ ಬಂದೂಕುಗಳು ಮೌನವಾದ ಭಾನುವಾರಗಳು

ಪೋಲಿಯೋ ಹನಿ ಹಾಕಿಸುವ ಭಾನುವಾರಗಳು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಬೆಳಗಿನ ಪೂಜೆಯ ಕೊನೆಯಲ್ಲಿ ಗುರುಗಳು ಪ್ರಕಟಣೆಗಳನ್ನು ಓದುವಾಗ ವಿವಾಹ ಪ್ರಕಟಣೆ, ಸಂಘಗಳ ಸಭೆ ಇವುಗಳ ನಡುವೆ ‘ಐದು ವರ್ಷದೊಳಗಿನ ಮಕ್ಕಳನ್ನು ಮರೆಯದೆ ಕರೆತನ್ನಿ’ ಎಂಬ ಮಾತೂ ಕೇಳಿಬರುತ್ತಿತ್ತು. ಹೊರಗೆ ಬಂದರೆ ಶಾಲೆಯ ಜಗಲಿಯಲ್ಲೋ ಅಂಗನವಾಡಿಯ ಮುಂದೆಯೋ ಮಂಜುಗಡ್ಡೆಯ ಪೆಟ್ಟಿಗೆ, ಮಗುವಿನ ಬಾಯಿಗೆ ಎರಡು ಹನಿ ಔಷಧ, ಎಡಗೈಯ ಕಿರುಬೆರಳಿಗೆ ಒಂದಿಷ್ಟು ಶಾಯಿ. ಐದು ನಿಮಿಷದಲ್ಲಿ ಕೆಲಸ ಮುಗಿದು ನಾವು ಮನೆಯ ದಾರಿ ಹಿಡಿಯುತ್ತಿದ್ದೆವು. ಅದರಲ್ಲಿ ವಿಶೇಷವೇನೂ ನಮಗೆ ಕಾಣುತ್ತಿರಲಿಲ್ಲ.

ಆದರೆ ಇಂಥದೇ ಹನಿ ಔಷಧ ಮಕ್ಕಳ ಬಾಯಿಗೆ ಬೀಳಬೇಕಾದರೆ ಒಂದು ದೇಶದಲ್ಲಿ ಯುದ್ಧವೇ ನಿಲ್ಲಬೇಕಾಯಿತು. ಅದೂ ಭಾನುವಾರವೇ. ಅಲ್ಲಿಯೂ ದೇವಾಲಯದ ಪೀಠದಿಂದಲೇ ಪ್ರಕಟಣೆ ಹೊರಟಿತ್ತು. ಮಕ್ಕಳ ಹಕ್ಕು, ರಾಷ್ಟ್ರ ರಾಷ್ಟ್ರಗಳ ಸಹಕಾರ, ಅಭಿವೃದ್ಧಿ ಮುಂತಾದ ದೊಡ್ಡ ಮಾತುಗಳನ್ನು ಕೇಳಿ ಕೇಳಿ ನಮ್ಮ ಕಿವಿ ದಣಿದಿದೆ. ಆ ಮಾತುಗಳ ಹಿಂದೆ ನಿಜವಾಗಿ ಏನಿದೆ, ಅವು ಎಲ್ಲಿ ಫಲಿಸಿದವು, ಎಲ್ಲಿ ಸೋತವು ಎಂಬುದನ್ನು ತಿಳಿಯಲು ಆ ಚಿಕ್ಕ ದೇಶದ ಕಥೆಯನ್ನು ಈ ವಾರ ನಮ್ಮ ಓದುಗರ ಮುಂದಿಡಬಯಸುತ್ತೇವೆ.

ರಕ್ಷಕನ ಹೆಸರು ಹೊತ್ತ ನಾಡು

ಎಲ್ ಸಾಲ್ವದೋರ್ ಮಧ್ಯ ಅಮೆರಿಕದ ಅತಿ ಚಿಕ್ಕ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಒಂಬತ್ತನೆಯ ಒಂದು ಭಾಗದಷ್ಟು. ಹೆಸರಿನ ಅರ್ಥ ‘ರಕ್ಷಕ’. ಪ್ರಭು ಯೇಸುವಿನ ಹೆಸರನ್ನೇ ಹೊತ್ತ ಈ ಕಥೋಲಿಕ ನಾಡಿನಲ್ಲಿ ಕಾಫಿ ತೋಟಗಳ ಒಡೆತನ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಉಳಿದವರ ಪಾಲಿಗೆ ಕೂಲಿಯೇ ಗತಿ. 1980ರಲ್ಲಿ ಅಲ್ಲಿ ಒಳಯುದ್ಧ ಹೊತ್ತಿಕೊಂಡಿತು. ಒಂದೆಡೆ ಅಮೆರಿಕದ ನೆರವು ಪಡೆದ ಸರಕಾರಿ ಸೇನೆ, ಮತ್ತೊಂದೆಡೆ ಫರಾಬುಂದೋ ಮಾರ್ತಿ ರಾಷ್ಟ್ರೀಯ ವಿಮೋಚನಾ ರಂಗವೆಂಬ ಬಂಡುಕೋರರ ಒಕ್ಕೂಟ. 1992ರ ಜನವರಿಯಲ್ಲಿ ಶಾಂತಿ ಒಪ್ಪಂದವಾಗುವವರೆಗೆ ಸುಮಾರು 75 ಸಾವಿರ ಜನ ಸತ್ತರೆಂದು ಅಂದಾಜು.

ಆ ಯುದ್ಧದ ಆರಂಭದಲ್ಲಿಯೇ, 1980ರ ಮಾರ್ಚ್ 24ರಂದು, ರಾಜಧಾನಿಯ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರನ್ನು ಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಕ್ಕಿ ಕೊಲ್ಲಲಾಯಿತು. ಹಿಂದಿನ ದಿನವಷ್ಟೇ ಅವರು ಜನರನ್ನು ಕೊಲ್ಲುವ ಆಜ್ಞೆಯನ್ನು ಪಾಲಿಸಬೇಡಿರೆಂದು ಸೈನಿಕರಿಗೆ ಬಹಿರಂಗವಾಗಿ ಮೊರೆಯಿಟ್ಟಿದ್ದರು. 2018ರಲ್ಲಿ ಅವರು ಸಂತರ ಸಾಲಿಗೆ ಸೇರಿದ್ದನ್ನು ನಮ್ಮ ಓದುಗರು ಬಲ್ಲರು.

ಯುದ್ಧವು ಮಕ್ಕಳನ್ನು ಹೇಗೆ ಕಂಡಿತು ಎಂಬುದಕ್ಕೆ ಒಂದೇ ನಿದರ್ಶನ ಸಾಕು. 1981ರ ಡಿಸೆಂಬರಿನಲ್ಲಿ ಎಲ್ ಮೊಸೊತೆ ಎಂಬ ಹಳ್ಳಿಗೆ ನುಗ್ಗಿದ ಸೇನೆಯ ಅತ್ಲಾಕಾತ್ಲ್ ದಳವು ಅಲ್ಲಿನವರನ್ನೆಲ್ಲ ಸಂಹರಿಸಿತು. ಹನ್ನೊಂದು ವರ್ಷಗಳ ನಂತರ ದೇವಾಲಯದ ಪಕ್ಕದ ಒಂದು ಚಿಕ್ಕ ಕಟ್ಟಡದ ನೆಲವನ್ನು ಅಗೆದಾಗ 143 ಮಂದಿಯ ಅಸ್ಥಿಗಳು ಸಿಕ್ಕವು. ಅವರಲ್ಲಿ 131 ಮಂದಿ 12 ವರ್ಷದೊಳಗಿನ ಮಕ್ಕಳು ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗದ 1993ರ ವರದಿ ದಾಖಲಿಸಿದೆ. ಇನ್ನು ಗುಂಡಿಗೆ ಬಲಿಯಾಗದ ಮಕ್ಕಳನ್ನು ದಡಾರ, ನಾಯಿಕೆಮ್ಮು, ಧನುರ್ವಾಯು, ಗಂಟಲುಮಾರಿ, ಪೋಲಿಯೋ ಕಾಯುತ್ತಿದ್ದವು. ದಾರಿಗಳು ಮುಚ್ಚಿದ್ದವು, ಆರೋಗ್ಯ ಕೇಂದ್ರಗಳಿಗೆ ಬೀಗ ಬಿದ್ದಿತ್ತು, ದಾದಿಯರು ಹಳ್ಳಿಗೆ ಹೋಗಲು ಅಂಜುತ್ತಿದ್ದರು. ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಎರಡೂ ಪಕ್ಷಗಳು ಇಟ್ಟಿದ್ದವು. ದಡಾರದಿಂದ ಸತ್ತ ಕಂದಮ್ಮಗಳ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಮೂರು ಭಾನುವಾರಗಳು

ಆಗ ವಿಶ್ವಸಂಸ್ಥೆಯ ಮಕ್ಕಳ ನಿಧಿ, ಅಂದರೆ ಯುನಿಸೆಫ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಜೇಮ್ಸ್ ಗ್ರಾಂಟ್. 1922ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ಹುಟ್ಟಿದ ಈ ಅಮೆರಿಕನ್ನರು 1980ರಿಂದ 1995ರವರೆಗೆ ಆ ಹೊಣೆ ಹೊತ್ತವರು. ಬಡ ದೇಶಗಳ ಮಕ್ಕಳು ಸಾಯುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಿಲ್ಲದ ಕಾರಣದಿಂದಲ್ಲ, ಅಗ್ಗದ ನಾಲ್ಕಾರು ಉಪಾಯಗಳು ಮನೆಬಾಗಿಲಿಗೆ ತಲುಪದ ಕಾರಣದಿಂದ ಎಂಬುದು ಅವರ ದೃಢ ನಂಬಿಕೆ. ಲಸಿಕೆ, ತಾಯಿಯ ಎದೆಹಾಲು, ಮಗುವಿನ ತೂಕದ ಮೇಲೆ ನಿಗಾ, ಭೇದಿಯಾದಾಗ ಉಪ್ಪು-ಸಕ್ಕರೆಯ ನೀರು. 1982ರಿಂದ ಅವರು ಲೋಕದ ಅಧ್ಯಕ್ಷರು, ಪ್ರಧಾನಿಗಳ ಮುಂದೆ ಇದನ್ನೇ ಜಪಿಸಿದರು. ಉಪ್ಪು-ಸಕ್ಕರೆಯ ನೀರಿನ ಬಲವನ್ನು ಜಗತ್ತಿಗೆ ತೋರಿಸಿದ್ದು 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾದೊಂದಿಗೆ ಸೆಣಸಿದ ನಮ್ಮದೇ ವೈದ್ಯ ದಿಲೀಪ್ ಮಹಲನಾಬಿಸ್ ಎಂಬುದನ್ನು ಇಲ್ಲಿ ಅಭಿಮಾನದಿಂದ ಸ್ಮರಿಸಬಹುದು.

1984ರಲ್ಲಿ ಗ್ರಾಂಟ್ ಅವರು ಎಲ್ ಸಾಲ್ವದೋರ್‌ನ ಅಧ್ಯಕ್ಷ ಹೊಸೆ ನಪೊಲಿಯೊನ್ ದುವಾರ್ತೆ ಅವರ ಮುಂದೆ ವಿಚಿತ್ರವೆನಿಸುವ ಸಲಹೆಯೊಂದನ್ನಿಟ್ಟರು: ಮಕ್ಕಳಿಗೆ ಲಸಿಕೆ ಹಾಕುವುದಕ್ಕಾಗಿ ಯುದ್ಧವನ್ನು ಕೆಲವು ದಿನ ನಿಲ್ಲಿಸಬಾರದೇಕೆ? ಕೇಳಲು ಸುಲಭ. ಆದರೆ ಬಂಡುಕೋರರೊಡನೆ ಇಂಥ ಒಪ್ಪಂದ ಮಾಡಿಕೊಂಡರೆ ಅವರಿಗೆ ಮಾನ್ಯತೆ ಕೊಟ್ಟಂತಾಗುವುದಿಲ್ಲವೇ, ಆ ದಿನಗಳನ್ನು ಅವರು ಆಯುಧ ಸಾಗಿಸಲು ಬಳಸಿಕೊಂಡರೆ ಗತಿಯೇನು ಎಂಬ ಸಂಶಯ ಸರಕಾರದ್ದು. ಲಸಿಕೆಯ ನೆಪದಲ್ಲಿ ಸೇನೆ ನಮ್ಮ ಹಳ್ಳಿಗಳ ಒಳಹೊಕ್ಕೀತು ಎಂಬ ಅಂಜಿಕೆ ಬಂಡುಕೋರರದ್ದು. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವ ಸ್ಥಿತಿಯಲ್ಲಿರಲಿಲ್ಲ. ಇಬ್ಬರೂ ನಂಬುವ ಮೂರನೆಯವರು ಬೇಕಿತ್ತು.

ಆ ಮೂರನೆಯವರು ಧರ್ಮಸಭೆ. ರೊಮೆರೊ ಅವರ ಪೀಠವನ್ನೇರಿದ್ದ ಮಹಾಧರ್ಮಾಧ್ಯಕ್ಷ ಅರ್ತುರೊ ರಿವೆರಾ ಇ ದಮಾಸ್ ಅವರು ಡಾನ್ ಬಾಸ್ಕೊ ಸಂತರ ಸಲೇಶಿಯನ್ ಸಭೆಗೆ ಸೇರಿದವರು. 1984ರ ಅಕ್ಟೋಬರ್ 15ರಂದು ಲಾ ಪಾಲ್ಮಾ ಎಂಬ ಊರಿನ ದೇವಾಲಯದಲ್ಲಿ ಅಧ್ಯಕ್ಷ ದುವಾರ್ತೆ ಮತ್ತು ಬಂಡುಕೋರರ ನಾಯಕರು ಮೊದಲ ಬಾರಿಗೆ ಎದುರುಬದುರು ಕುಳಿತಾಗ ನಡುವೆ ಕುಳಿತವರು ಅವರೇ. ಆ ಮಾತುಕತೆಯಿಂದ ಶಾಂತಿ ಹುಟ್ಟಲಿಲ್ಲ. ಆದರೆ ಮಾತು ಹೋಗಿ ಬರುವ ಒಂದು ಕಾಲುದಾರಿ ಉಳಿಯಿತು. ಆ ಕಾಲುದಾರಿಯಲ್ಲಿಯೇ ಲಸಿಕೆಯ ಸಂದೇಶವೂ ನಡೆಯಿತು. ಯುನಿಸೆಫ್, ಅಮೆರಿಕ ಖಂಡಗಳ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ರೆಡ್ ಕ್ರಾಸ್, ರೋಟರಿ ಸಂಸ್ಥೆಗಳು ಕೈ ಜೋಡಿಸಿದವು. ಎರಡೂ ಪಕ್ಷಗಳು ಸಹಿ ಹಾಕಿದ ಕಾಗದವೆಂಬುದಿರಲಿಲ್ಲ. ಇದ್ದದ್ದು ಬಾಯಿಮಾತು, ಅದಕ್ಕೆ ಧರ್ಮಸಭೆಯ ಹೊಣೆ.

ಗೊತ್ತಾದ ದಿನಗಳು ಮೂರು: 1985ರ ಫೆಬ್ರವರಿ 3, ಮಾರ್ಚ್ 3, ಏಪ್ರಿಲ್ 21. ಮೂರೂ ಭಾನುವಾರ. ಮೂರೇ ಏಕೆಂದರೆ ಪೋಲಿಯೋ ಲಸಿಕೆಯೂ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯೂ ಒಂದೇ ಬಾರಿಗೆ ಪೂರ್ಣವಾಗುವುದಿಲ್ಲ. ನಾಲ್ಕಾರು ವಾರಗಳ ಅಂತರದಲ್ಲಿ ಮೂರು ಸಲ ಕೊಡಬೇಕು. ಒಂದು ದಿನದ ಕದನವಿರಾಮದಿಂದ ಪ್ರಯೋಜನವಿಲ್ಲ. ಮಾತು ಮೂರು ಬಾರಿ ಉಳಿಯಬೇಕು. ಲಸಿಕೆಯೋ ಬಿಸಿಲು ತಾಗಿದರೆ ಕೆಡುವ ವಸ್ತು. ತಯಾರಾದಲ್ಲಿಂದ ಮಗುವಿನ ತೋಳಿನವರೆಗೂ ತಣ್ಣಗೇ ಇರಬೇಕು. ಮಂಜುಗಡ್ಡೆಯ ಪೆಟ್ಟಿಗೆ ಹೊತ್ತವರನ್ನು ಚೌಕಿಯಲ್ಲಿ ಅರ್ಧ ದಿನ ತಡೆದು ನಿಲ್ಲಿಸಿದರೆ ಗುಂಡು ಹಾರಿಸದೆಯೇ ಲಸಿಕೆಯನ್ನು ಕೊಂದಂತೆ. ಆದುದರಿಂದ ಗುಂಡು ನಿಂತರಷ್ಟೇ ಸಾಲದು, ದಾರಿಯೂ ತೆರೆಯಬೇಕಿತ್ತು.

ದೇವಾಲಯಗಳಲ್ಲಿ ಗುರುಗಳು ಪೀಠದಿಂದ ದಿನಾಂಕ ಸಾರಿದರು. ಬಾನುಲಿ ಸಾರಿತು. ಮೊದಲ ಭಾನುವಾರ ಬೆಳಗಾದಾಗ ತಾಯಂದಿರು ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡು ಬೆಟ್ಟಗಳಿಂದ ಇಳಿದು ಬಂದರು. ಸೇನೆಯ ಹಿಡಿತದ ಊರುಗಳಲ್ಲಿ ಸರಕಾರಿ ಆರೋಗ್ಯ ಕಾರ್ಯಕರ್ತರು, ಕದನ ನಡೆಯುತ್ತಿದ್ದ ಪ್ರದೇಶಗಳಲ್ಲಿ ರೆಡ್ ಕ್ರಾಸ್‌ನವರು ಲಸಿಕೆ ಹಾಕಿದರು. ಆ ವರ್ಷ ಸುಮಾರು ಎರಡೂವರೆ ಲಕ್ಷ ಮಕ್ಕಳಿಗೆ ಲಸಿಕೆ ತಲುಪಿತು. ಆ ದಿನಗಳಿಗೆ ‘ನೆಮ್ಮದಿಯ ದಿನಗಳು’ ಎಂದು ಹೆಸರಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂಡುಕೋರರು ಅಧ್ಯಕ್ಷ ದುವಾರ್ತೆಯವರ ಮಗಳನ್ನೇ ಅಪಹರಿಸಿದರು. ಮತ್ತೆ ಧರ್ಮಸಭೆ ನಡುವೆ ನಿಂತು ಆಕೆಯನ್ನು ಬಿಡಿಸಿ ತಂದಿತು. ವೈರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಮರುವರ್ಷ ಲಸಿಕೆಯ ದಿನಗಳು ಬಂದವು; ಯುದ್ಧ ಮುಗಿಯುವ ತನಕ ವರ್ಷ ವರ್ಷವೂ ಬಂದವು. ಶತ್ರುವನ್ನು ಕ್ಷಮಿಸಲಾಗದವರೂ ಮಗುವಿನ ವಿಷಯದಲ್ಲಿ ಮಾತಿಗೆ ತಪ್ಪದಿರಬಲ್ಲರು ಎಂಬುದು ಇಲ್ಲಿನ ಪಾಠ.

ಒಬ್ಬ ಮಹಿಳೆಗೆ ಬಿದ್ದ ಐದು ಪೌಂಡ್ ದಂಡ

ಯುದ್ಧಕ್ಕಿಂತ ಮಗು ದೊಡ್ಡದು ಎಂಬ ವಿಚಾರ 1985ರಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಮೊದಲನೆಯ ಮಹಾಯುದ್ಧದ ಬೂದಿಯಲ್ಲಿದೆ. 1918ರ ನವೆಂಬರಿನಲ್ಲಿ ಯುದ್ಧ ನಿಂತರೂ ಗೆದ್ದ ರಾಷ್ಟ್ರಗಳು ಸೋತ ಜರ್ಮನಿ, ಆಸ್ಟ್ರಿಯಾಗಳ ಮೇಲಿನ ದಿಗ್ಬಂಧನವನ್ನು ಕೂಡಲೇ ತೆಗೆಯಲಿಲ್ಲ. ಅನ್ನವಿಲ್ಲದೆ ಅಲ್ಲಿನ ಮಕ್ಕಳು ಸೊರಗಿದರು. ಇಂಗ್ಲೆಂಡಿನ ಎಗ್ಲಾಂಟೈನ್ ಜೆಬ್ ಎಂಬ ಮಹಿಳೆ 1919ರಲ್ಲಿ ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದರು. ಶತ್ರುದೇಶದ ಮಕ್ಕಳಿಗಾಗಿ ಕಣ್ಣೀರೇ! ಆಕೆಯನ್ನು ಬಂಧಿಸಿ, ವಿಚಾರಣೆ ನಡೆಸಿ ಐದು ಪೌಂಡ್ ದಂಡ ವಿಧಿಸಿದರು. ಆದರೆ ಆಕೆಯ ವಿರುದ್ಧ ವಾದಿಸಿದ ಸರಕಾರಿ ವಕೀಲರೇ ಆ ಐದು ಪೌಂಡನ್ನು ಆಕೆಯ ಕೈಗಿತ್ತರು. ‘ಮಕ್ಕಳನ್ನು ಉಳಿಸಿ’ ನಿಧಿಗೆ ಬಂದ ಮೊದಲ ಕಾಣಿಕೆ ಅದೇ ಎನ್ನುತ್ತಾರೆ.

ಆಂಗ್ಲಿಕನ್ ಸಭೆಗೆ ಸೇರಿದ ಈಕೆ ನೆರವು ಕೋರಿದ್ದು ರೋಮಿನಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರನ್ನು. ಸಭೆ ಸಭೆಗಳ ನಡುವಿನ ಗೋಡೆ ಇಂದಿಗಿಂತ ಎಷ್ಟೋ ಎತ್ತರವಾಗಿದ್ದ ಕಾಲವದು. ಆದರೂ ಜಗದ್ಗುರುಗಳು ಸ್ಪಂದಿಸಿದರು. 1919ರ ನವೆಂಬರಿನಲ್ಲಿ ವಿಶ್ವಪತ್ರವೊಂದನ್ನು ಹೊರಡಿಸಿ, ಮಧ್ಯ ಯುರೋಪಿನ ಮಕ್ಕಳಿಗಾಗಿ ಲೋಕದ ಎಲ್ಲ ದೇವಾಲಯಗಳಲ್ಲೂ ಡಿಸೆಂಬರ್ 28ರಂದು ಕಾಣಿಕೆ ಎತ್ತಬೇಕೆಂದು ಕರೆಯಿತ್ತರು. ಡಿಸೆಂಬರ್ 28 ಎಂದರೆ ಹೆರೋದನ ಕತ್ತಿಗೆ ಬಲಿಯಾದ ಮುಗ್ಧ ಹಸುಳೆಗಳ ಹಬ್ಬ. ಮರುವರ್ಷದ ವಿಶ್ವಪತ್ರದಲ್ಲಿ ಜೆಬ್ ಅವರ ಸಂಸ್ಥೆಯನ್ನು ಹೆಸರಿಸಿಯೇ ಮೆಚ್ಚಿದರು. ಒಬ್ಬ ಆಂಗ್ಲಿಕನ್ ಮಹಿಳೆಯ ಕೆಲಸಕ್ಕೆ ಕಥೋಲಿಕ ದೇವಾಲಯಗಳ ಕಾಣಿಕೆ. ಇಂಗ್ಲೆಂಡಿನ ಹಣದಿಂದ ಶತ್ರುವಿನ ಮಗುವಿಗೆ ಹಾಲು. ಅಂತರರಾಷ್ಟ್ರೀಯ ಸಹಕಾರವೆಂಬ ಭಾರವಾದ ಪದದ ಮೊದಲ ರೂಪ ಇಷ್ಟು ಸರಳವಾಗಿತ್ತು.

ಹಸಿದ ಮಗುವಿಗೆ ಉಣಿಸುವುದು ದಯೆಯಲ್ಲ, ಅದು ಮಗುವಿನ ಹಕ್ಕು ಎಂದು ಜೆಬ್ ವಾದಿಸಿದರು. ಅವರು ಬರೆದ ಐದು ಅಂಶಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಗಳ ಒಕ್ಕೂಟ ಜಿನೀವಾದಲ್ಲಿ ಅಂಗೀಕರಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರ ಡಿಸೆಂಬರಿನಲ್ಲಿ ಯುನಿಸೆಫ್ ಹುಟ್ಟಿತು. 1959ರಲ್ಲಿ ವಿಶ್ವಸಂಸ್ಥೆಯ ಘೋಷಣೆ, 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷ. ಘೋಷಣೆ ಸಾಲದು, ಸರಕಾರಗಳನ್ನು ಕಟ್ಟಿಹಾಕುವ ಒಡಂಬಡಿಕೆ ಬೇಕೆಂದು 1978ರಲ್ಲಿ ಪೋಲೆಂಡ್ ದೇಶ ಪ್ರಸ್ತಾಪಿಸಿತು. ಅದರ ಕರಡು ಸಿದ್ಧವಾಗಲು ಸುಮಾರು ಹತ್ತು ವರ್ಷಗಳೇ ಹಿಡಿದವು.

ನಾಲ್ಕು ದಿನಗಳ ಅಂತರ

1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದಕ್ಕೆ ನಾಲ್ಕೇ ದಿನಗಳ ಹಿಂದೆ, ನವೆಂಬರ್ 16ರ ನಸುಕಿನಲ್ಲಿ, ಎಲ್ ಸಾಲ್ವದೋರ್‌ನ ರಾಜಧಾನಿಯಲ್ಲಿ ಅತ್ಲಾಕಾತ್ಲ್ ದಳದ ಸೈನಿಕರು ಯೇಸುಸಭೆಯವರ ವಿಶ್ವವಿದ್ಯಾಲಯಕ್ಕೆ ನುಗ್ಗಿ ಆರು ಮಂದಿ ಗುರುಗಳನ್ನು ಕೊಂದರು. ಅವರ ಅಡುಗೆಯಾಕೆಯೂ ಆಕೆಯ ಹದಿಹರೆಯದ ಮಗಳೂ ಆ ರಾತ್ರಿ ಅಲ್ಲಿಯೇ ತಂಗಿದ್ದರು. ಸಾಕ್ಷಿ ಉಳಿಯಬಾರದೆಂದು ಅವರನ್ನೂ ಕೊಂದರು. ಎಲ್ ಮೊಸೊತೆಯ ಮಕ್ಕಳನ್ನು ಕೊಂದದ್ದೂ ಇದೇ ದಳವೆಂಬುದನ್ನು ಓದುಗರು ಗಮನಿಸಿರಬಹುದು.

ಐದು ವರ್ಷಗಳಿಂದ ಲಸಿಕೆಯ ದಿನಗಳನ್ನು ಗೌರವಿಸುತ್ತ ಬಂದ ಸೇನೆಯೇ ಇದನ್ನೂ ಮಾಡಿತು. ಹಾಗಾದರೆ ಆ ನೆಮ್ಮದಿಯ ದಿನಗಳ ಬೆಲೆಯೇನು? ವರ್ಷಕ್ಕೆ ಮೂರು ದಿನ ಮಕ್ಕಳನ್ನು ಮುದ್ದಿಸಿ ಉಳಿದ ದಿನ ಅವರ ತಂದೆತಾಯಿಯರನ್ನು ಕೊಲ್ಲುವುದು ಆತ್ಮವಂಚನೆಯಲ್ಲವೇ? ಹೀಗೆ ಕೇಳಿದವರು ಅಂದೂ ಇದ್ದರು. ಇದು ಪ್ರಾಮಾಣಿಕ ಪ್ರಶ್ನೆ. ಇದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ನಮಗೆ ಸರಿಯೆನಿಸುವುದಿಲ್ಲ.

ಲಸಿಕೆಯ ದಿನಗಳು ಯುದ್ಧವನ್ನು ನಿಲ್ಲಿಸಲಿಲ್ಲ, ಸೈನಿಕರ ಮನಸ್ಸನ್ನು ತಿರುಗಿಸಲಿಲ್ಲ. ಅವುಗಳಿಗೆ ಅಷ್ಟು ದೊಡ್ಡ ಕೀರ್ತಿ ಸಲ್ಲಿಸುವುದು ಸುಳ್ಳಾದೀತು. ಆದರೆ ಅವು ಮಾಡುತ್ತೇವೆಂದು ಹೇಳಿದ ಕೆಲಸವನ್ನು ಮಾಡಿದವು. ಲಸಿಕೆ ಪಡೆದ ಮಗುವಿಗೆ ದಡಾರ ಬರಲಿಲ್ಲ. ಪೋಲಿಯೋದಿಂದ ಕಾಲು ಸೊರಗಲಿಲ್ಲ. ಆ ಮಗುವಿಗೆ ಅದು ಚಿಕ್ಕ ವಿಷಯವಲ್ಲ. 1985ರಲ್ಲಿಯೇ ಅಮೆರಿಕ ಖಂಡಗಳಿಂದ ಪೋಲಿಯೋ ತೊಲಗಿಸುವ ಗುರಿಯನ್ನು ಅಲ್ಲಿನ ಆರೋಗ್ಯ ಸಂಸ್ಥೆ ಹಾಕಿಕೊಂಡಿತು. 1991ರಲ್ಲಿ ಪೆರು ದೇಶದ ಒಬ್ಬ ಚಿಕ್ಕ ಬಾಲಕನೇ ಆ ಖಂಡಗಳಲ್ಲಿ ಕಾಡು ಪೋಲಿಯೋ ವೈರಾಣುವಿಗೆ ತುತ್ತಾದ ಕೊನೆಯವನು. ಯುದ್ಧದ ನೆಪದಲ್ಲಿ ಎಲ್ ಸಾಲ್ವದೋರ್‌ನ ಮಕ್ಕಳನ್ನು ಕೈಬಿಟ್ಟಿದ್ದರೆ ಇಡೀ ಖಂಡದ ಆ ಗುರಿ ಹುಸಿಯಾಗುತ್ತಿತ್ತು. ಸಾಂಕ್ರಾಮಿಕ ರೋಗಕ್ಕೆ ಗಡಿಯಿಲ್ಲ. ಒಂದು ದೇಶದ ಮಗು ಸುರಕ್ಷಿತವಾಗದೆ ನೆರೆದೇಶದ ಮಗು ಸುರಕ್ಷಿತವಲ್ಲ.

ಇನ್ನೂ ಒಂದು ಫಲವುಂಟು. ಮಕ್ಕಳಿಗಾಗಿ ಯುದ್ಧ ನಿಲ್ಲಬಹುದೆಂದು ಒಮ್ಮೆ ತೋರಿದ ಮೇಲೆ, ಅದು ಅಸಾಧ್ಯವೆಂದು ಹೇಳುವ ಅವಕಾಶ ಯಾವ ಸೇನಾಪತಿಗೂ ಉಳಿಯಲಿಲ್ಲ. 1987ರಲ್ಲಿ ಲೆಬನಾನಿನಲ್ಲಿ ಲಸಿಕೆಗಾಗಿ ಕದನ ನಿಂತಿತು. 1989ರಲ್ಲಿ ಸುಡಾನಿನಲ್ಲಿ ಆಹಾರ, ಔಷಧ ಸಾಗಿಸಲು ‘ನೆಮ್ಮದಿಯ ಹಾದಿ’ಗಳು ತೆರೆದವು. ನಮ್ಮ ನೆರೆಯ ಶ್ರೀಲಂಕಾದಲ್ಲಿ, ಅಫ್ಘಾನಿಸ್ತಾನದಲ್ಲಿ ಪೋಲಿಯೋ ಹನಿಗಾಗಿ ಬಂದೂಕುಗಳು ಬಿಡುವು ಕೊಟ್ಟವು.

ತೀರ ಈಚಿನ ನಿದರ್ಶನ ಗಾಜಾ ಪಟ್ಟಿ. 2024ರ ಆಗಸ್ಟಿನಲ್ಲಿ ಅಲ್ಲಿ ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೋ ತಗಲಿ ಕಾಲು ಸ್ವಾಧೀನ ತಪ್ಪಿದ್ದು ದೃಢಪಟ್ಟಿತು; ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಕಂಡ ಮೊದಲ ಪ್ರಕರಣವದು. ಸೆಪ್ಟೆಂಬರ್ 1ರಿಂದ ಪ್ರದೇಶವಾರು, ದಿನಕ್ಕೆ ಕೆಲವು ಗಂಟೆಗಳ ಕಾಲ ಕದನ ನಿಲ್ಲಿಸಿ ಸುಮಾರು 5 ಲಕ್ಷ 60 ಸಾವಿರ ಮಕ್ಕಳಿಗೆ ಮೊದಲ ಸುತ್ತಿನ ಹನಿ ಹಾಕಲಾಯಿತು. ಹನಿ ಹಾಕಿಸಿಕೊಂಡ ಮಕ್ಕಳ ಮೇಲೆ ಮರುದಿನ ಮತ್ತೆ ಬಾಂಬುಗಳು ಬಿದ್ದವು. ನಲವತ್ತು ವರ್ಷಗಳ ಹಿಂದಿನ ಪ್ರಶ್ನೆ ಹಾಗೆಯೇ ಉಳಿದಿದೆ: ಕೆಲವು ಗಂಟೆ ನಿಲ್ಲಿಸಲು ಸಾಧ್ಯವಾದದ್ದು ಎಂದೆಂದಿಗೂ ಏಕೆ ಸಾಧ್ಯವಿಲ್ಲ?

ಒಡಂಬಡಿಕೆ ಹೇಳುವುದೇನು?

ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 54 ವಿಧಿಗಳಿವೆ. ಹದಿನೆಂಟು ವರ್ಷದೊಳಗಿನವರೆಲ್ಲ ಮಕ್ಕಳು. ಹುಟ್ಟಿದ ಕೂಡಲೇ ನೋಂದಣಿ, ಹೆಸರು ಮತ್ತು ರಾಷ್ಟ್ರೀಯತೆ, ಆರೋಗ್ಯ, ಶಿಕ್ಷಣ, ಶೋಷಣೆಯಿಂದ ರಕ್ಷಣೆ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಅವಕಾಶ ಇವೆಲ್ಲ ಮಗುವಿನ ಹಕ್ಕುಗಳು. ಬಡ ದೇಶಗಳು ಹಣವಿಲ್ಲವೆಂದು ಕೈಚೆಲ್ಲಬಾರದು, ಶ್ರೀಮಂತ ದೇಶಗಳು ಅದು ಅವರ ಪಾಡು ಎನ್ನಬಾರದು ಎಂಬ ಉದ್ದೇಶದಿಂದ ಆರೋಗ್ಯ ಮತ್ತು ಶಿಕ್ಷಣದ ವಿಧಿಗಳಲ್ಲಿ ಅಂತರರಾಷ್ಟ್ರೀಯ ಸಹಕಾರವನ್ನು ಸ್ಪಷ್ಟವಾಗಿ ಸೇರಿಸಲಾಗಿದೆ. ನೆರವು ದಾನವಲ್ಲ, ಒಪ್ಪಿಕೊಂಡ ಕರ್ತವ್ಯ.

1990ರ ಸೆಪ್ಟೆಂಬರ್ 2ರಂದು ಒಡಂಬಡಿಕೆ ಜಾರಿಗೆ ಬಂತು. ಅದೇ ತಿಂಗಳ ಕೊನೆಯಲ್ಲಿ 71 ರಾಷ್ಟ್ರಗಳ ನಾಯಕರು ನ್ಯೂಯಾರ್ಕಿನಲ್ಲಿ ಮಕ್ಕಳಿಗಾಗಿಯೇ ಶೃಂಗಸಭೆ ನಡೆಸಿದರು. ಇಂದು 196 ರಾಷ್ಟ್ರಗಳು ಒಡಂಬಡಿಕೆಗೆ ಬದ್ಧವಾಗಿವೆ. 1995ರಲ್ಲಿ ಸಹಿ ಹಾಕಿಯೂ ಅಮೆರಿಕ ಸಂಯುಕ್ತ ಸಂಸ್ಥಾನ ಮಾತ್ರ ಇನ್ನೂ ಸ್ಥಿರೀಕರಿಸಿಲ್ಲ.

ಪವಿತ್ರ ಪೀಠವು 1990ರ ಏಪ್ರಿಲ್‌ನಲ್ಲಿಯೇ, ಕೆಲವು ಷರತ್ತುಗಳೊಡನೆ, ಇದನ್ನು ಸ್ಥಿರೀಕರಿಸಿ ಮೊದಲ ಕೆಲವರ ಸಾಲಿನಲ್ಲಿ ನಿಂತಿತು. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಒಡಂಬಡಿಕೆಗೆ ಸೇರಿದವರು ಲೆಕ್ಕವನ್ನೂ ಒಪ್ಪಿಸಬೇಕು. 2014ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು ಕೆಲವು ಗುರುಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳನ್ನು ಧರ್ಮಸಭೆ ನಿಭಾಯಿಸಿದ ರೀತಿಯನ್ನು ಕಟುವಾಗಿ ಖಂಡಿಸಿತು. ಮರು ತಿಂಗಳು ಜಗದ್ಗುರು ಫ್ರಾನ್ಸಿಸರು ಅಪ್ರಾಪ್ತರ ರಕ್ಷಣೆಗಾಗಿ ಒಂದು ಆಯೋಗವನ್ನು ಸ್ಥಾಪಿಸಿದರು. ಎಲ್ ಸಾಲ್ವದೋರ್‌ನಲ್ಲಿ ಎರಡೂ ಪಕ್ಷಗಳು ಧರ್ಮಸಭೆಯನ್ನು ನಂಬಿ ಮಕ್ಕಳನ್ನು ಹೊರಗೆ ಕರೆತಂದವು. ಅಂಥ ನಂಬಿಕೆಯೇ ನಮ್ಮ ದೊಡ್ಡ ಆಸ್ತಿ. ಮಗುವಿಗೆ ಅನ್ಯಾಯವಾದಾಗ ಸಂಸ್ಥೆಯ ಮರ್ಯಾದೆಗೆಂದು ಮುಚ್ಚಿಟ್ಟರೆ ಆ ಆಸ್ತಿಯನ್ನೇ ಕಳೆದುಕೊಂಡಂತೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಇಂಥ ಅಪರಾಧ ತಿಳಿದೂ ದೂರು ಕೊಡದಿರುವುದು ನಮ್ಮ ದೇಶದಲ್ಲಿ ಶಿಕ್ಷಾರ್ಹ.

ನಮ್ಮ ಮನೆಯ ಹೊಸ್ತಿಲಲ್ಲಿ

ನಮ್ಮ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು ಆ ಮೂರು ಭಾನುವಾರಗಳ ವರ್ಷದಲ್ಲಿಯೇ, 1985ರ ನವೆಂಬರ್ 19ರಂದು. ಪಲ್ಸ್ ಪೋಲಿಯೋ 1995ರಲ್ಲಿ ಬಂತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ನಮ್ಮಲ್ಲಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಪೂಜೆಯ ಕೊನೆಯ ಆ ಪ್ರಕಟಣೆಗೂ, ಮಸೀದಿಯ ಧ್ವನಿವರ್ಧಕದಿಂದ, ದೇವಸ್ಥಾನದ ಅಂಗಳದಿಂದ ಬಂದ ಕರೆಗೂ ಅದರಲ್ಲಿ ಪಾಲಿದೆ. ಆದರೂ 2024ರಲ್ಲಿ ಲೋಕದಾದ್ಯಂತ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಕೂಸುಗಳಿಗೆ ಒಂದೇ ಒಂದು ಲಸಿಕೆಯೂ ತಲುಪಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿವೆ.

ಭಾರತ ಒಡಂಬಡಿಕೆಯನ್ನು ಒಪ್ಪಿದ್ದು 1992ರ ಡಿಸೆಂಬರ್ 11ರಂದು. ಆಗ ಒಂದು ಮಾತನ್ನು ಸೇರಿಸಿತು: ಮಕ್ಕಳ ದುಡಿತವನ್ನು ಒಮ್ಮೆಲೇ ತೊಲಗಿಸಲಾಗದು, ಹಂತ ಹಂತವಾಗಿ ತೊಲಗಿಸುತ್ತೇವೆ. ಆ ಹಂತಗಳು ನಿಧಾನವಾಗಿ ಬಂದವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲುಗಳಿಗೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. 2010ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂತು. 2016ರ ತಿದ್ದುಪಡಿಯಿಂದ, ಶಾಲೆಯ ಹೊತ್ತಿನ ಹೊರಗೆ ಸ್ವಂತ ಕುಟುಂಬಕ್ಕೆ ನೆರವಾಗುವಂಥ ಕೆಲವನ್ನು ಬಿಟ್ಟರೆ, ಈ ವಯಸ್ಸಿನವರ ಎಲ್ಲ ಬಗೆಯ ದುಡಿತಕ್ಕೂ ತಡೆ ಬಿತ್ತು.

ಇಲ್ಲಿ ನಮ್ಮ ಆತ್ಮಸಾಕ್ಷಿಯ ಪರೀಕ್ಷೆ ಆರಂಭವಾಗುತ್ತದೆ. ದೂರದ ಎಲ್ ಸಾಲ್ವದೋರ್‌ನ ಸೇನಾಪತಿಗಳ ಬಗ್ಗೆ ತೀರ್ಪು ಕೊಡುವುದು ಸುಲಭ. ನಮ್ಮದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಯ ವಯಸ್ಸೆಷ್ಟೆಂದು ಕೇಳಿಕೊಳ್ಳುವುದು ಕಷ್ಟ. ‘ಬಡವರ ಮಗು, ಇಲ್ಲಿ ಹೊಟ್ಟೆತುಂಬ ಉಣ್ಣುತ್ತದೆ, ನಮ್ಮ ಮಗುವಿನಂತೆಯೇ ನೋಡಿಕೊಳ್ಳುತ್ತೇವೆ’ ಎಂಬ ಸಮಾಧಾನವನ್ನು ನಾವೆಲ್ಲ ಕೇಳಿದ್ದೇವೆ, ಕೆಲವೊಮ್ಮೆ ಹೇಳಿಯೂ ಇದ್ದೇವೆ. ನಮ್ಮ ಮಗು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುವಾಗ ಆ ಮಗು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಅದು ನಮ್ಮ ಮಗುವಿನಂತೆ ಹೇಗಾದೀತು? ಜೆಬ್ ಅವರು ನೂರು ವರ್ಷಗಳ ಹಿಂದೆ ಹೇಳಿದ್ದು ಇದನ್ನೇ: ದಯೆ ಬೇರೆ, ಹಕ್ಕು ಬೇರೆ.

ರಿವೆರಾ ಇ ದಮಾಸ್ ಅವರ ಸಲೇಶಿಯನ್ ಸಭೆಯ ಯುವಕರೇ 1980ರಲ್ಲಿ ನಮ್ಮ ರಾಜಧಾನಿಯಲ್ಲಿ ಬೀದಿಮಕ್ಕಳ ನಡುವೆ ಕೆಲಸ ಆರಂಭಿಸಿದರು. ‘ಬೆಂಗಳೂರು ಓಣಿಯವರ ಸೇವಾ ಕೂಟ’ವೆಂಬ ಅಚ್ಚಗನ್ನಡದ ಹೆಸರಿನಲ್ಲಿ ಅದು ಬೆಳೆಯಿತು. ಎಲ್ಲರೂ ಅಂಥ ಸಂಸ್ಥೆ ಕಟ್ಟಬೇಕಾಗಿಲ್ಲ. ನಮ್ಮ ಕೈಯಲ್ಲಿರುವ ಕೆಲಸಗಳೇ ಸಾಕಷ್ಟಿವೆ. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು ಬರೆಸಿದ್ದೇವೆಂದು ಸುಮ್ಮನಾಗದೆ ಸರಕಾರಿ ಜನನ ಪ್ರಮಾಣಪತ್ರವನ್ನೂ ಪಡೆಯೋಣ; ಕೂಲಿಗಾಗಿ ಊರು ಬಿಟ್ಟು ಬಂದ ಕುಟುಂಬಗಳಿಗೆ ಅದನ್ನು ಪಡೆಯಲು ನೆರವಾಗೋಣ. ಕಟ್ಟಡದ ಕೆಲಸ ನಡೆಯುವಲ್ಲಿ ಬಿಡಾರ ಹೂಡಿದವರ ಮಕ್ಕಳ ಲಸಿಕೆಯ ಕಾರ್ಡು ಪೂರ್ತಿಯಾಗಿದೆಯೇ ಎಂದು ನಮ್ಮ ಸಂಘಗಳು ವಿಚಾರಿಸಲಿ. ತೊಂದರೆಯಲ್ಲಿರುವ ಮಗುವನ್ನು ಕಂಡರೆ 1098ಕ್ಕೆ ಕರೆಮಾಡಲು ಹಿಂಜರಿಯದಿರೋಣ. ದೂರದೇಶದ ಮಕ್ಕಳಿಗಾಗಿ ಕಾಣಿಕೆ ಎತ್ತಿದಾಗ ನಮ್ಮವರಿಗೇ ಸಾಲದು ಎಂಬ ಮಾತು ನಾಲಿಗೆಯ ತುದಿಗೆ ಬಂದರೆ, ಶತ್ರುವಿನ ಮಗುವಿಗಾಗಿ ದಂಡ ತೆತ್ತ ಆ ಮಹಿಳೆಯನ್ನು ನೆನೆಯೋಣ.

ಹೆರೋದನ ಕತ್ತಿಯಿಂದ ಪಾರಾದ ಬಾಲಯೇಸುವೂ ಪರದೇಶದಲ್ಲಿ ಆಶ್ರಯ ಬೇಡಿದವರೇ. ಐಗುಪ್ತದಲ್ಲಿ ಯಾರೋ ಬಾಗಿಲು ತೆರೆದರು. ಆ ಮನೆಯವರ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ಎಲ್ ಸಾಲ್ವದೋರ್‌ನ ಬೆಟ್ಟದ ದಾರಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ನಡೆದವರ ಹೆಸರುಗಳೂ ನಮಗೆ ಗೊತ್ತಿಲ್ಲ. ಬರುವ ಡಿಸೆಂಬರ್ 28ರಂದು ಮುಗ್ಧ ಹಸುಳೆಗಳ ಹಬ್ಬದ ಪೂಜೆಗೆ ಹೋಗುವಾಗ, ಹೋಗುವ ಮುನ್ನ ನಮ್ಮ ಮನೆಯಲ್ಲಿಯೂ ನೆರೆಮನೆಯಲ್ಲಿಯೂ ಶಾಲೆಗೆ ಹೋಗದ ಮಗು ಇದೆಯೇ ಎಂದು ಒಮ್ಮೆ ನೋಡೋಣ. ಇದ್ದರೆ ಅದರ ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದೊಯ್ಯುವುದೇ ಆ ಹಬ್ಬದ ನಿಜವಾದ ಆಚರಣೆ.